ಕ್ಯಾಮರಾ ಕೊಳ್ಳುವ ಮುನ್ನ



ಕುಂಜತ್ತೂರಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಡಿಜಿಟಲ್ ಕ್ಯಾಮರಾ ತರಬೇಕೆಂದಿದ್ದೀರಾ? ಮೆಗಾಪಿಕ್ಸೆಲ್ ಲೆಕ್ಕ ಕೇಳುವ ಮೊದಲು, ಯಾವ ಚಿತ್ರ ತೆಗೆಯಬೇಕೆಂದು ಮನೆಯಲ್ಲೇ ನಿಶ್ಚಯಿಸಿಕೊಳ್ಳಿ.

ಹಗಲು ಹೊತ್ತಿನ ಮದುವೆ, ಶಾಲೆಯ ವಾರ್ಷಿಕೋತ್ಸವಗಳಿಗೆ ಕ್ಯಾಮರಾದೊಂದಿಗೇ ಬರುವ 18-55 ಮಿಲಿಮೀಟರ್ ಝೂಮ್ ಲೆನ್ಸು ಧಾರಾಳ ಸಾಕು.

ಆದರೆ ನಾವು ಪಾರ್ತಿಸುಬ್ಬನ ಕುಂಬಳೆ ಸೀಮೆಯವರು. ಯಕ್ಷಗಾನ ಬಿಟ್ಟು ಇರುವವರಲ್ಲ. ವೇಷಧಾರಿ ದಿಗಿಣ ಹೊಡೆಯುವಾಗ ಚಿತ್ರ ಕಲಸಿಹೋಗದಿರಲು ಶಟರು ಸೆಕೆಂಡಿನ 250ರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊತ್ತು ತೆರೆದಿರಬಾರದು. ರಾತ್ರಿಯ ರಂಗಸ್ಥಳದಲ್ಲಿ ಅಷ್ಟರೊಳಗೆ ಬೆಳಕು ಸಾಲಬೇಕಲ್ಲ? ಇಲ್ಲಿ ಲೆನ್ಸೇ ಮುಖ್ಯ. ಅದರ ಮೇಲೆ ಬರೆದಿರುವ ಎಫ್ ಸಂಖ್ಯೆ ಕಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು. ಆ ಝೂಮ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಎಫ್ 5.6 ಮಾತ್ರ ಸಿಗುತ್ತದೆ. 50 ಮಿಲಿಮೀಟರಿನ ಎಫ್ 1.8 ಲೆನ್ಸು ಅದರ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕು ಬಿಡುತ್ತದೆ. ಅದರಲ್ಲಿ ಝೂಮ್ ಇಲ್ಲ. ನೀವೇ ಮುಂದಿನ ಸಾಲಿಗೆ ಹೋಗಿ ಕುಳಿತುಕೊಳ್ಳಬೇಕು, ಅಷ್ಟೆ. ಆದುದರಿಂದ ದುಬಾರಿ ಕ್ಯಾಮರಾ ಬೇಡ. ಸಾಧಾರಣ ಕ್ಯಾಮರಾ ಕೊಂಡು, ಉಳಿದ ಹಣವನ್ನು ಇಂಥ ಲೆನ್ಸಿಗೆ ಇಡಿ.

ಹಳೆಯ ಲೆನ್ಸು ಕೊಳ್ಳುವಿರಾದರೆ ಟಾರ್ಚು ಹಾಕಿ ಒಳಗೆ ನೋಡಿ. ಜೇಡರ ಬಲೆಯಂಥ ಗೆರೆಗಳಿದ್ದರೆ ಅದು ಬೂಷ್ಟು, ಕೊಳ್ಳಬೇಡಿ. ನಮ್ಮದು ಕಡಲ ತಡಿ. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ.

ಊರಿನ ಹಿರಿಯ ವೇಷಧಾರಿಯೊಬ್ಬರು ಕೊನೆಯ ಬಾರಿ ಗೆಜ್ಜೆ ಕಟ್ಟಿದ ರಾತ್ರಿ ಮತ್ತೆ ಬಾರದು. ಆ ಒಂದು ಚಿತ್ರ ಮಸುಕಾಗಬಾರದು ಎಂದೇ ಇಷ್ಟು ಹೇಳಿದೆವು.