ಇಟಲಿಯಲ್ಲಿ ಇರುಳು ತಂಗುವುದೆಲ್ಲಿ?

ನಮ್ಮ ಕಡೆ ‘ಹೋಟೆಲ್’ ಎಂದೊಡನೆ ಮನಸ್ಸಿಗೆ ಬರುವುದು ದೋಸೆ ಮತ್ತು ಕಾಫಿ. ರಾತ್ರಿ ಮಲಗುವ ಸ್ಥಳವನ್ನು ನಾವು ‘ಲಾಡ್ಜ್’ ಎನ್ನುತ್ತೇವೆ; ಹಿಂದಿನವರು ‘ಛತ್ರ’ ಎನ್ನುತ್ತಿದ್ದರು. ಪಾಶ್ಚಾತ್ಯ ಭಾಷೆಗಳಲ್ಲಿ ಹೋಟೆಲ್ ಎಂಬ ಪದದ ಬೇರು ಲತೀನಿನ ‘ಹಾಸ್ಪೆಸ್’ ಎಂಬ ಶಬ್ದದಲ್ಲಿದೆ. ಆ ಶಬ್ದಕ್ಕೆ ಅತಿಥಿ ಎಂಬ ಅರ್ಥವೂ ಉಂಟು, ಆತಿಥೇಯ ಎಂಬ ಅರ್ಥವೂ ಉಂಟು. ‘ಹಾಸ್ಪಿಟಲ್’ ಎಂಬ ಪದವೂ ಅದೇ ಬೇರಿನಿಂದ ಚಿಗುರಿದ್ದು. ದಣಿದು ಬಂದವನಿಗೆ ವಿಶ್ರಾಂತಿ ನೀಡುವ ಮನೆ ಎಂಬ ಭಾವವೇ ಈ ಎಲ್ಲ ಪದಗಳ ತಿರುಳು.

ಈಚಿನ ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳು ಬೇಸಿಗೆ ರಜೆಯಲ್ಲಿ ಇಟಲಿ ಪ್ರವಾಸ ಕೈಗೊಳ್ಳುತ್ತಿವೆ. ಗಲ್ಫ್‌ನಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುವ ಮಕ್ಕಳು ತಂದೆತಾಯಿಯರನ್ನು ರೋಮ್‌ಗೆ ಕರೆದೊಯ್ಯಬೇಕೆಂದು ಆಶಿಸುವುದು ಸಂತೋಷದ ಸಂಗತಿ. ಹೊರಡುವ ಮುನ್ನ ಅವರು ನಮ್ಮಲ್ಲಿಗೆ ಬಂದು ಯಾವ ದೇವಾಲಯ ನೋಡಬೇಕು, ಜಗದ್ಗುರುಗಳ ದರ್ಶನ ಯಾವ ದಿನ ಎಂದು ವಿಚಾರಿಸುತ್ತಾರೆ. ಎಲ್ಲಿ ತಂಗಬೇಕು ಎಂದು ಕೇಳುವವರು ವಿರಳ. ಆ ನಿರ್ಧಾರವನ್ನು ಮೊಬೈಲಿನಲ್ಲಿ ಕಾಣುವ ಒಂದು ಸುಂದರ ಚಿತ್ರಕ್ಕೂ ಅದರ ಕೆಳಗಿನ ದರಕ್ಕೂ ಬಿಟ್ಟುಬಿಡುತ್ತಾರೆ. ಪ್ರವಾಸದ ಸುಖದುಃಖಗಳು ಬಹುಮಟ್ಟಿಗೆ ಈ ಒಂದು ನಿರ್ಧಾರವನ್ನೇ ಅವಲಂಬಿಸಿವೆ ಎಂಬುದು ನಮ್ಮ ಅಭಿಪ್ರಾಯ.

ಯಾತ್ರಿಕರ ಹಳೆಯ ಸಮಸ್ಯೆ

ಈ ಪ್ರಶ್ನೆ ಹೊಸದಲ್ಲ. 1300ರಲ್ಲಿ ಎಂಟನೆಯ ಬೋನಿಫಾಸ್ ಜಗದ್ಗುರುಗಳು ಮೊದಲ ಜುಬಿಲಿ ವರ್ಷವನ್ನು ಸಾರಿದಂದಿನಿಂದ ರೋಮ್ ನಗರಕ್ಕೆ ಹರಿದುಬಂದ ಯಾತ್ರಿಕರಿಗೆ ತಂಗುವುದೆಲ್ಲಿ ಎಂಬುದೇ ಮೊದಲ ಚಿಂತೆಯಾಗಿತ್ತು. 1548ರಲ್ಲಿ ಸಂತ ಫಿಲಿಪ್ ನೇರಿಯವರು ಒಂದು ಭಕ್ತಸಂಘವನ್ನು ಸ್ಥಾಪಿಸಿದರು. 1550ರ ಜುಬಿಲಿಗೆ ಬಂದ ಬಡ ಯಾತ್ರಿಕರಿಗೆ ಹಾಸಿಗೆ ಮತ್ತು ಊಟ ಒದಗಿಸುವುದು ಅದರ ಸೇವೆಯಾಗಿತ್ತು. ಅದಕ್ಕೂ ಸಾವಿರ ವರ್ಷ ಹಿಂದೆ, ಆರನೆಯ ಶತಮಾನದಲ್ಲಿ, ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 53ನೆಯ ಅಧ್ಯಾಯವನ್ನು ಅತಿಥಿ ಸತ್ಕಾರಕ್ಕೆಂದೇ ಮೀಸಲಿಟ್ಟು, ಬಂದವರನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ವಿಧಿಸಿದರು. ಅತಿಥಿಯ ದಣಿವು ಸಣ್ಣ ವಿಷಯವೆಂದು ಆ ಮಹನೀಯರು ಯಾರೂ ಬಗೆಯಲಿಲ್ಲ.

ನಾವು ಬಲ್ಲ ಒಂದು ಕುಟುಂಬದ ಉದಾಹರಣೆಯನ್ನು ಇಲ್ಲಿ ಹೇಳುವುದು ಉಚಿತ. ಮಗ, ಸೊಸೆ, ಇಬ್ಬರು ಮಕ್ಕಳು ಹಾಗೂ 70 ದಾಟಿದ ತಾಯಿ ವೆನಿಸ್ ನಗರದಲ್ಲಿ ಎರಡು ದಿನ ತಂಗಿದರು. ಕಾಲುವೆಯ ಕಡೆಗೆ ಕಿಟಕಿಯಿದ್ದ, ಚಿತ್ರದಲ್ಲಿ ಅರಮನೆಯಂತೆ ಕಾಣುತ್ತಿದ್ದ ಕೊಠಡಿ. ಆದರೆ ದೋಣಿಯಿಂದ ಇಳಿದ ಮೇಲೆ ಮೆಟ್ಟಿಲುಗಳಿದ್ದ ಮೂರು ಸೇತುವೆಗಳನ್ನು ದಾಟಬೇಕಿತ್ತು, ಕೊಠಡಿ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಲಿಫ್ಟ್ ಇಲ್ಲವೆಂಬುದನ್ನು ಹೋಟೆಲಿನವರು ಮೊದಲೇ ತಿಳಿಸಿದ್ದರು, ಓದಿದವರಿರಲಿಲ್ಲ. ಒಮ್ಮೆ ಹತ್ತಿದ ತಾಯಿಗೆ ಮತ್ತೆ ಇಳಿಯುವ ಧೈರ್ಯ ಬರಲಿಲ್ಲ. “ನೀವು ಹೋಗಿ ಬನ್ನಿ ಮಗಾ, ನಾನಿಲ್ಲಿ ಜಪಮಾಲೆ ಹೇಳಿಕೊಂಡಿರುತ್ತೇನೆ” ಎಂದರಂತೆ. ಆಕೆ ಕಂಡ ವೆನಿಸ್ ಒಂದು ಕಿಟಕಿಯಷ್ಟೇ. ಯಾರಿಗಾಗಿ ಪ್ರವಾಸ ಹೊರಟರೋ ಅವರೇ ಪ್ರವಾಸದಿಂದ ಹೊರಗುಳಿದರು.

ಗುರಿ ಮೊದಲು, ಸಾಧನ ಅನಂತರ

ವಿವೇಕವೆಂಬ ಸದ್ಗುಣವು ಗುರಿಗೆ ತಕ್ಕ ಸಾಧನವನ್ನು ಆರಿಸುವುದಕ್ಕೆ ಸಂಬಂಧಿಸಿದ್ದೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಸುತ್ತಮುತ್ತಲಿನ ಸಂದರ್ಭವನ್ನು ಗಮನಿಸುವುದು, ಮುಂದಾಗುವುದನ್ನು ಎಣಿಸುವುದು ಇವೆರಡನ್ನೂ ಅವರು ವಿವೇಕದ ಅಂಗಗಳೆಂದು ಹೆಸರಿಸಿದರು. ಈ ತತ್ತ್ವವನ್ನು ಹೋಟೆಲ್ ಆರಿಸುವಾಗಲೂ ಅನ್ವಯಿಸಬಹುದು. ಉತ್ತಮ ಹೋಟೆಲ್ ಯಾವುದು ಎಂಬ ಪ್ರಶ್ನೆಗೆ ಸ್ವತಂತ್ರವಾದ ಉತ್ತರವಿಲ್ಲ. ಯಾರಿಗೆ ಉತ್ತಮ, ಯಾವುದಕ್ಕಾಗಿ ಉತ್ತಮ ಎಂದು ಮೊದಲು ಕೇಳಬೇಕು. ಕುಟುಂಬದಲ್ಲಿ ಅತ್ಯಂತ ದುರ್ಬಲರಾದವರ ಮೊಣಕಾಲು, ಅತ್ಯಂತ ಚಿಕ್ಕವರ ನಿದ್ರೆ, ಇವೆರಡನ್ನು ಅಳತೆಗೋಲಾಗಿ ಹಿಡಿದರೆ ಅರ್ಧದಷ್ಟು ಹೋಟೆಲ್‌ಗಳು ತಾವಾಗಿಯೇ ಪಟ್ಟಿಯಿಂದ ಉದುರಿಹೋಗುತ್ತವೆ.

ನಕ್ಷತ್ರಗಳ ಸಂಖ್ಯೆಯನ್ನು ಅತಿಯಾಗಿ ನೆಚ್ಚಬಾರದು. ಇಟಲಿಯಲ್ಲಿ ಒಂದರಿಂದ ಐದರವರೆಗಿನ ನಕ್ಷತ್ರಗಳನ್ನು ಆಯಾ ಪ್ರಾಂತದ ನಿಯಮದಂತೆ, ಒದಗಿಸುವ ಸೇವೆ-ಸೌಕರ್ಯಗಳನ್ನು ಎಣಿಸಿ ನೀಡುತ್ತಾರೆ. ಬೀದಿಯ ಗದ್ದಲವನ್ನಾಗಲಿ, ರೈಲು ನಿಲ್ದಾಣದ ದೂರವನ್ನಾಗಲಿ ನಕ್ಷತ್ರಗಳು ಹೇಳಲಾರವು.

ಎರಡನೆಯ ಸೂತ್ರ: ತಂಗುದಾಣಗಳ ಸಂಖ್ಯೆ ಕಡಿಮೆಯಿರಲಿ. ಒಂದು ಊರಿನಿಂದ ಇನ್ನೊಂದಕ್ಕೆ ಬಿಡಾರ ಬದಲಿಸುವಾಗಲೆಲ್ಲ ಪೆಟ್ಟಿಗೆ ಕಟ್ಟಿ, ಕೊಠಡಿ ತೆರವು ಮಾಡಿ, ಹೊಸ ಕೊಠಡಿ ಸಿಗುವ ಮಧ್ಯಾಹ್ನ ಎರಡು ಮೂರು ಗಂಟೆಯವರೆಗೆ ಕಾಯುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ವೇಗದ ರೈಲಿನಲ್ಲಿ ರೋಮ್‌ನಿಂದ ಫ್ಲಾರೆನ್ಸ್ ಸುಮಾರು ಒಂದೂವರೆ ಗಂಟೆ, ಫ್ಲಾರೆನ್ಸ್‌ನಿಂದ ವೆನಿಸ್ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಹತ್ತು ರಾತ್ರಿಗಳ ಪ್ರವಾಸವಾದರೆ ರೋಮ್‌ನಲ್ಲಿ ನಾಲ್ಕು, ಅಸ್ಸಿಸಿಯಲ್ಲಿ ಒಂದು, ಫ್ಲಾರೆನ್ಸ್‌ನಲ್ಲಿ ಎರಡು, ವೆನಿಸ್ ಭಾಗದಲ್ಲಿ ಮೂರು ಎಂದು ಹಂಚಬಹುದು. ರೋಮ್‌ನಲ್ಲಿ ಇಳಿದು ವೆನಿಸ್‌ನಿಂದ ವಿಮಾನವೇರಿದರೆ ಮರಳಿ ರೋಮ್‌ಗೆ ಬರುವ ಶ್ರಮವೂ ತಪ್ಪುತ್ತದೆ.

ರೋಮ್ ಮತ್ತು ಅಸ್ಸಿಸಿ

ರೋಮ್‌ನಲ್ಲಿ ಕುಟುಂಬಗಳಿಗೆ ಒಪ್ಪುವ ಭಾಗಗಳು ಮುಖ್ಯವಾಗಿ ಎರಡು. ಮೊದಲನೆಯದು ವತಿಕನ್‌ಗೆ ಹೊಂದಿಕೊಂಡಿರುವ ಬೋರ್ಗೊ ಮತ್ತು ಪ್ರಾತಿ. ಬುಧವಾರದ ಸಾರ್ವಜನಿಕ ದರ್ಶನಕ್ಕೆ ಬೆಳಗ್ಗೆಯೇ ಸಾಲಿನಲ್ಲಿ ನಿಲ್ಲಬೇಕಾದುದರಿಂದ ವೃದ್ಧರಿಗೆ ಇದು ಅನುಕೂಲ; ದರ ತುಸು ಹೆಚ್ಚು. ಎರಡನೆಯದು ತೆರ್ಮಿನಿ ರೈಲು ನಿಲ್ದಾಣದ ಸುತ್ತಲಿನ ಪ್ರದೇಶ. ವಿಮಾನ ನಿಲ್ದಾಣದ ರೈಲು ಇಲ್ಲಿಗೇ ಬರುತ್ತದೆ, ಬೇರೆ ಊರುಗಳ ರೈಲುಗಳೂ ಇಲ್ಲಿಂದಲೇ ಹೊರಡುತ್ತವೆ. ವತಿಕನ್ ಸಮೀಪದ ಒತ್ತಾವಿಯಾನೊ ನಿಲ್ದಾಣಕ್ಕೆ ಮೆಟ್ರೊದಲ್ಲಿ ನೇರವಾಗಿ ಹೋಗಬಹುದು. 2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸರ ಭೂಸ್ಥಾಪನೆಯಾದ ಸಂತ ಮೇರಿ ಮೇಜರ್ ಮಹಾದೇವಾಲಯ ಇಲ್ಲಿಂದ ಕೆಲವೇ ನಿಮಿಷಗಳ ನಡಿಗೆ. ನಿಲ್ದಾಣದ ಬೀದಿಗಳಲ್ಲಿ ರಾತ್ರಿ ಗದ್ದಲವಿರುತ್ತದೆ, ಜೇಬುಗಳ್ಳರ ಭಯವೂ ಇದೆ. ಆದುದರಿಂದ ಮಹಾದೇವಾಲಯದ ಕಡೆಯ ಬೀದಿಗಳಲ್ಲಿ ಹುಡುಕುವುದು ಲೇಸು.

ರೋಮ್‌ನಲ್ಲಿ ಧರ್ಮಭಗಿನಿಯರ ಮಠಗಳು ನಡೆಸುವ ಅತಿಥಿಗೃಹಗಳೂ ಹಲವಾರು. ಇವನ್ನು ‘ಕಾಸಾ ಪೆರ್ ಫೆರಿಯೆ’ ಎನ್ನುತ್ತಾರೆ. ಕೊಠಡಿ ಸರಳ, ಹಾಸಿಗೆಗಳು ಸಾಮಾನ್ಯವಾಗಿ ಬಿಡಿಬಿಡಿ, ಸ್ವಚ್ಛತೆಗೆ ಕೊರತೆಯಿಲ್ಲ. ಅನೇಕ ಕಡೆ ಪ್ರಾರ್ಥನಾ ಮಂದಿರವೂ ಉಂಟು. ಕರ್ನಾಟಕ, ಕೇರಳಗಳಿಂದ ಹೋದ ಧರ್ಮಭಗಿನಿಯರು ಇಟಲಿಯ ಮಠಗಳಲ್ಲಿ ಸೇವೆಯಲ್ಲಿರುವುದರಿಂದ ಪರಿಚಿತ ನುಡಿಯೊಂದು ಕಿವಿಗೆ ಬಿದ್ದರೂ ಆಶ್ಚರ್ಯವಿಲ್ಲ. ಆದರೆ ಕೆಲವು ಮಠಗಳು ರಾತ್ರಿ ನಿಗದಿತ ಹೊತ್ತಿಗೆ ಬಾಗಿಲು ಮುಚ್ಚುತ್ತವೆ. ಲಿಫ್ಟ್, ಹವಾನಿಯಂತ್ರಣ ಎಲ್ಲೆಡೆ ಇರುವುದಿಲ್ಲ. ಇವನ್ನು ಪತ್ರಮುಖೇನ ಮೊದಲೇ ಕೇಳಿ ತಿಳಿಯಬೇಕು. ನಾವೂ ಕಥೋಲಿಕರೆಂಬ ನೆಪದಲ್ಲಿ ರಿಯಾಯಿತಿ ಕೇಳುವುದು ಶೋಭೆಯಲ್ಲ. ಆ ಬಾಡಿಗೆಯಿಂದಲೇ ಎಷ್ಟೋ ಮಠಗಳು ಹಳೆಯ ಕಟ್ಟಡಗಳನ್ನು ಉಳಿಸಿಕೊಂಡಿವೆ. ಕೊಠಡಿಯಲ್ಲಿ ಕುಕ್ಕರ್ ಇಟ್ಟು ಅನ್ನ ಬೇಯಿಸುವ ಅಭ್ಯಾಸವನ್ನೂ ಬಿಡಬೇಕು. ಗಂಜಿ ಇಲ್ಲದೆ ಆಗದೆಂಬವರು ಅಡುಗೆಮನೆಯುಳ್ಳ ಬಿಡಾರವನ್ನೇ ಆರಿಸಲಿ.

ರೋಮ್‌ನಿಂದ ಹೊರಟವರು ಅಸ್ಸಿಸಿಯನ್ನು ಒಂದೇ ದಿನದಲ್ಲಿ ನೋಡಿ ಮರಳುವುದು ಸಾಧ್ಯ. ಆದರೂ ಅಲ್ಲಿ ಒಂದು ರಾತ್ರಿ ಉಳಿಯಿರೆಂದು ನಾವು ಹೇಳುತ್ತೇವೆ. ಹಗಲಿನ ಪ್ರವಾಸಿ ಬಸ್ಸುಗಳು ಇಳಿದುಹೋದ ಮೇಲೆ ಆ ಗುಡ್ಡದ ಊರಿನಲ್ಲಿ ನೆಲಸುವ ಮೌನದಲ್ಲಿ ಸಂತ ಫ್ರಾನ್ಸಿಸರನ್ನು ಸ್ಮರಿಸುವುದು ಸುಲಭ. 2025ರ ಸೆಪ್ಟೆಂಬರ್‌ನಲ್ಲಿ ಸಂತಪದವಿಗೇರಿದ ಕಿಶೋರ ಕಾರ್ಲೊ ಅಕುತಿಸ್‌ನ ಸಮಾಧಿಯೂ ಇಲ್ಲಿದೆ, ಮಕ್ಕಳಿಗೆ ತೋರಿಸತಕ್ಕದ್ದು. ಒಂದು ಎಚ್ಚರಿಕೆ: ಅಸ್ಸಿಸಿಯ ರೈಲು ನಿಲ್ದಾಣ ಇರುವುದು ಗುಡ್ಡದ ಬುಡದ ಸಾಂತಾ ಮರಿಯಾ ದೇಲಿ ಆಂಜೆಲಿಯಲ್ಲಿ. ಹಳೆಯ ಊರು ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಮೇಲಿದೆ, ಬೀದಿಗಳೆಲ್ಲ ಏರು. ಏರಲಾರದವರು ಕೆಳಗೇ ತಂಗಿ, ಬಸ್ಸಿನಲ್ಲಿ ಮೇಲೆ ಹೋಗಿಬರಬಹುದು.

ಫ್ಲಾರೆನ್ಸ್, ವೆನಿಸ್, ಪಾದುವಾ

ಫ್ಲಾರೆನ್ಸ್ ನಡೆದು ನೋಡುವ ನಗರ. ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದಿಂದ ಪ್ರಧಾನ ದೇವಾಲಯಕ್ಕೆ ಸುಮಾರು ಹತ್ತು ನಿಮಿಷದ ಹಾದಿ. ಇವೆರಡರ ನಡುವೆ ತಂಗಿದರೆ ಬಸ್ಸಿನ ಹಂಗಿಲ್ಲ. ಮಧ್ಯಾಹ್ನ ವೃದ್ಧರು ಕೊಠಡಿಗೆ ಮರಳಿ ಒಂದು ಗಳಿಗೆ ಮಲಗಿ ಮತ್ತೆ ಹೊರಡಬಹುದು. ಬಾಡಿಗೆ ಕಾರಿನಲ್ಲಿ ಬರುವವರು ಎಚ್ಚರದಿಂದಿರಬೇಕು: ಇಟಲಿಯ ಹಳೆಯ ನಗರಗಳ ಮಧ್ಯಭಾಗಕ್ಕೆ ಅನುಮತಿಯಿಲ್ಲದ ವಾಹನ ಪ್ರವೇಶಿಸಿದರೆ ಕ್ಯಾಮೆರಾ ಗುರುತಿಸುತ್ತದೆ, ದಂಡದ ಪತ್ರ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ವೆನಿಸ್‌ನಲ್ಲಿ ಪಿಯಾತ್ಸಾಲೆ ರೋಮಾ ಎಂಬ ಸ್ಥಳದಿಂದಾಚೆಗೆ ಕಾರೂ ಇಲ್ಲ, ರಿಕ್ಷಾವೂ ಇಲ್ಲ. ಪೆಟ್ಟಿಗೆಯನ್ನು ಸೇತುವೆಗಳ ಮೇಲೆ ಹೊತ್ತೇ ಸಾಗಬೇಕು. ದ್ವೀಪದಲ್ಲಿಯೇ ತಂಗುವುದಾದರೆ ದೋಣಿಕಟ್ಟೆಯಿಂದ ಹೋಟೆಲಿಗೆ ನಡುವೆ ಎಷ್ಟು ಸೇತುವೆಗಳಿವೆ ಎಂದು ಕೇಳುವುದು ಮೊದಲ ಕರ್ತವ್ಯ. ಖರ್ಚು ಭಾರವೆಂದು ಕಂಡರೆ ನೆಲಭಾಗದ ಮೆಸ್ತ್ರೆಯಲ್ಲಿ ತಂಗಬಹುದು. ಅಲ್ಲಿಂದ ದ್ವೀಪಕ್ಕೆ ರೈಲಿನಲ್ಲಿ ಹತ್ತು ನಿಮಿಷ.

ಆದರೆ ನಮ್ಮ ಜನರಿಗೆ ಇನ್ನೊಂದು ದಾರಿಯನ್ನು ಸೂಚಿಸಲು ಬಯಸುತ್ತೇವೆ. ವೆನಿಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿರುವ ಪಾದುವಾ ನಗರದಲ್ಲಿ ಬಿಡಾರ ಹೂಡಿ, ವೆನಿಸ್‌ಗೆ ಹಗಲು ಹೋಗಿಬರಬಹುದು. ನಮ್ಮ ಮನೆಮನೆಗಳಲ್ಲಿ ಮಂಗಳವಾರದ ಭಕ್ತಿಗೆ ಪಾತ್ರರಾದ ಸಂತ ಅಂತೋಣಿಯವರು 1231ರ ಜೂನ್ 13ರಂದು ದೈವಾಧೀನರಾದುದು ಈ ನಗರದ ಹೊರವಲಯದಲ್ಲಿ. ಅವರ ಸಮಾಧಿ ಇಲ್ಲಿನ ಮಹಾದೇವಾಲಯದಲ್ಲಿದೆ. ಊರು ಸಮತಟ್ಟು, ಟ್ರಾಮ್ ಸೌಲಭ್ಯವಿದೆ, ಬಾಡಿಗೆಯೂ ಸಾಮಾನ್ಯವಾಗಿ ವೆನಿಸ್‌ಗಿಂತ ಕಡಿಮೆ. ಹೀಗೆ ಹಗಲಿಗೆಂದು ಹೋಗುವವರಿಗೆ ವೆನಿಸ್ ನಗರಾಡಳಿತ 2024ರಿಂದ ಕೆಲವು ಆಯ್ದ ದಿನಗಳಲ್ಲಿ ಪ್ರವೇಶ ಶುಲ್ಕ ವಿಧಿಸತೊಡಗಿದೆ. ಹೋಗುವ ದಿನಕ್ಕೆ ಅದು ಅನ್ವಯಿಸುವುದೇ ಎಂದು ಮೊದಲೇ ನೋಡಿಕೊಳ್ಳಬೇಕು.

ಅಲ್ಲಿಯೂ ಜನ ಬಾಳುತ್ತಾರೆ

ಇನ್ನೊಂದು ಸಂಗತಿ ನಮ್ಮ ಆತ್ಮಸಾಕ್ಷಿಗೆ ಸಂಬಂಧಿಸಿದ್ದು. 1951ರಲ್ಲಿ ವೆನಿಸ್‌ನ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗಳ ಬಿಡಾರಗಳಾದಂತೆ ಬಾಡಿಗೆ ಏರಿ, ಊರಿನ ಮಕ್ಕಳು ಊರು ಬಿಡಬೇಕಾದುದು ಇದಕ್ಕೆ ಒಂದು ಕಾರಣ. ಫ್ಲಾರೆನ್ಸ್ ನಗರಸಭೆ 2023ರಲ್ಲಿ ಹಳೆಯ ನಗರದೊಳಗೆ ಇಂತಹ ಹೊಸ ಬಿಡಾರಗಳನ್ನು ನಿಷೇಧಿಸಿತು. ಪ್ರವಾಸಿಗಳಿಗೆ ಕೊಡುವ ಮನೆಗಳಿಗೆ ರಾಷ್ಟ್ರೀಯ ಗುರುತು ಸಂಖ್ಯೆಯೊಂದು 2025ರಿಂದ ಕಡ್ಡಾಯವಾಗಿದೆ. ಅಡುಗೆಮನೆಯುಳ್ಳ ಬಿಡಾರ ಬೇಕಾದವರು ಆ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳಲಿ. ಕದ್ದು ನಡೆಸುವ ಮನೆ ಅಗ್ಗವಾಗಿರಬಹುದು. ಆ ಅಗ್ಗದ ಬೆಲೆಯನ್ನು ತೆರುವವರು ಬೇರೆಯವರು.

ಹಣಕಾಸಿನ ಮಾತು

ಕೊಠಡಿಯ ದರದ ಮೇಲೆ ನಗರದ ಪ್ರವಾಸಿ ತೆರಿಗೆಯನ್ನು ತಲಾ ಒಬ್ಬರಿಗೆ ಪ್ರತಿ ರಾತ್ರಿಯ ಲೆಕ್ಕದಲ್ಲಿ ಹೋಟೆಲಿನಲ್ಲಿಯೇ ತೆರಬೇಕಾಗುತ್ತದೆ. ರೋಮ್‌ನಲ್ಲಿ 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ದರದಂತೆ ಮೂರು ನಕ್ಷತ್ರದ ಹೋಟೆಲಿಗೆ ಇದು 6 ಯೂರೋ. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ವಿನಾಯಿತಿ. ನಾಲ್ವರು ಹಿರಿಯರು ನಾಲ್ಕು ರಾತ್ರಿ ತಂಗಿದರೆ 96 ಯೂರೋ ಆಯಿತು. ಇದು ಮೋಸವಲ್ಲ, ಕಾನೂನು. ಕೌಂಟರಿನಲ್ಲಿ ವಾದಿಸಿ ಫಲವಿಲ್ಲ.

ಕೊಠಡಿ ಕಾಯ್ದಿರಿಸುವಾಗ ಎರಡು ಇಟಾಲಿಯನ್ ಪದಗಳು ತಿಳಿದಿರಲಿ: ‘ಮಾತ್ರಿಮೊನಿಯಾಲೆ’ ಎಂದರೆ ದಂಪತಿಗಳಿಗೆ ಒಂದೇ ದೊಡ್ಡ ಮಂಚ, ‘ದೊಪ್ಪಿಯಾ’ ಎಂದರೆ ಎರಡು ಬಿಡಿ ಮಂಚಗಳು. ಅತ್ತೆ-ಸೊಸೆಗೆಂದು ಮೊದಲನೆಯದನ್ನು ಆರಿಸಿ ಪೇಚಾಡುವುದು ಬೇಡ.

ವೀಸಾ ಅರ್ಜಿಗೆ ಎಲ್ಲ ರಾತ್ರಿಗಳ ವಸತಿಯ ದಾಖಲೆ ಬೇಕು. ಅದಕ್ಕಾಗಿ ಸುಳ್ಳು ಕಾಗದ ಸೃಷ್ಟಿಸಿ ಕೊಡುವವರು ಇದ್ದಾರೆ, ಅಂಥವರನ್ನು ದೂರವಿಡಿ. ಅಸತ್ಯದಿಂದ ಆರಂಭವಾದ ಯಾತ್ರೆ ಯಾತ್ರೆಯಲ್ಲ. ವೀಸಾ ದೊರೆಯದಿದ್ದರೆ ರದ್ದುಮಾಡಿ ಹಣ ಮರಳಿ ಪಡೆಯಬಹುದಾದ ಕೊಠಡಿಯನ್ನು, ಬೆಲೆ ತುಸು ಹೆಚ್ಚಾದರೂ, ನಿಜವಾಗಿ ಕಾಯ್ದಿರಿಸುವುದೇ ನ್ಯಾಯದ ಹಾದಿ. ನಮ್ಮ ಶಾಲಾ ರಜೆ ಬರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಅಲ್ಲಿಯೂ ಜನಸಂದಣಿ ಹೆಚ್ಚು; ಈಸ್ಟರ್ ವಾರದಲ್ಲಂತೂ ಹೇಳುವುದೇ ಬೇಡ. ಆದುದರಿಂದ ಕೆಲವು ತಿಂಗಳು ಮೊದಲೇ ತೊಡಗಬೇಕು. ಸಾಲ ಮಾಡಿ ಹೊರಡುವ ಯೋಚನೆಯಿದ್ದರೆ ನಗರಗಳನ್ನು ಕಡಿಮೆ ಮಾಡಿ, ಇಲ್ಲವೇ ಒಂದು ವರ್ಷ ಕಾಯಿರಿ. ರೋಮ್ ಎಲ್ಲಿಯೂ ಹೋಗುವುದಿಲ್ಲ.

ಪ್ರಿಯ ಕುಟುಂಬವರ್ಗದವರೇ, ಮೊಬೈಲಿನಲ್ಲಿ ಹೋಟೆಲ್‌ಗಳನ್ನು ಹುಡುಕುವ ಮುನ್ನ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. “ಅಮ್ಮಾ, ನಿಮಗೆ ಎಷ್ಟು ಮೆಟ್ಟಿಲು ಹತ್ತಲಾದೀತು?” ಎಂದು ಹಿರಿಯರನ್ನು ಮೊದಲು ಕೇಳಿ. “ಆಗುತ್ತದೆ ಮಗಾ” ಎಂದೇ ಅವರು ಹೇಳುತ್ತಾರೆ, ತಾಯಂದಿರು ಹಾಗೆಯೇ. ಆ ಮಾತನ್ನು ಪೂರ್ತಿ ನಂಬದೆ, ಲಿಫ್ಟ್ ಇರುವ ಹೋಟೆಲನ್ನೇ ಆರಿಸಿ.