ಕರು ಹಾಕಿದ ದನದ ಉಸಿರಿನಲ್ಲಿ ಸಿಹಿ ವಾಸನೆಯೇ? ಎಚ್ಚರ!



ಕಾಪುವಿನ ಗದ್ದೆ ಬದಿಯ ಹಟ್ಟಿಯಿರಲಿ, ಕಾರ್ಕಳದ ಗುಡ್ಡದ ಬುಡದ ಹಟ್ಟಿಯಿರಲಿ, ಚೆನ್ನಾಗಿ ಹಾಲು ಕೊಡುವ ಮಿಶ್ರತಳಿ ದನಗಳನ್ನು ಕಾಡುವ ತೊಂದರೆಯೊಂದಿದೆ. ಕರು ಹಾಕಿದ ಎರಡರಿಂದ ಆರು ವಾರಗಳೊಳಗೆ ದನವು ಹಿಂಡಿ ಮುಟ್ಟದೆ ಬರೇ ಬೈಹುಲ್ಲು ಮೆಲ್ಲತೊಡಗುತ್ತದೆ. ಹಾಲು ಇಳಿಯುತ್ತದೆ, ಸೆಗಣಿ ಗಟ್ಟಿಯಾಗುತ್ತದೆ, ಮೈ ಸೊರಗುತ್ತದೆ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. "ದೃಷ್ಟಿ ತಾಗಿದೆ" ಎಂದು ದಿನ ದೂಡಬೇಡಿ. ಉಸಿರಿನಲ್ಲಿ, ಹಾಲಿನಲ್ಲಿ ಉಗುರಿನ ಬಣ್ಣ ತೆಗೆಯುವ ದ್ರಾವಣದಂತಹ ಸಿಹಿ ಘಾಟು ಇದ್ದರೆ ಅದು ಕೀಟೋಸಿಸ್ ಇರಬಹುದು. ಈ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲ. ಮನೆಯ ಇನ್ನೊಬ್ಬರಿಂದಲೂ ನೋಡಿಸಿ.

ವಾಸನೆ ಬರುವುದೇಕೆ? ಉಡುಪಿ, ಮಣಿಪಾಲದ ಕಾಲೇಜುಗಳಲ್ಲಿ ಪಿಯುಸಿ ವಿಜ್ಞಾನ ಓದುವ ತಮ್ಮ ಮಕ್ಕಳನ್ನು ಕೇಳಿ. ಆಲ್ಡಿಹೈಡ್ ಮತ್ತು ಕೀಟೋನ್ ಎಂಬ ಪಾಠ ಅವರಿಗುಂಟು. ಎರಡರಲ್ಲೂ ಇಂಗಾಲ ಮತ್ತು ಆಮ್ಲಜನಕ ಜೋಡಿ ಬಂಧದಿಂದ ಸೇರಿರುತ್ತವೆ. ಈ ಜೋಡಿ ಇಂಗಾಲದ ಸರಪಳಿಯ ತುದಿಯಲ್ಲಿದ್ದರೆ ಆಲ್ಡಿಹೈಡ್, ನಡುವಿನಲ್ಲಿದ್ದರೆ ಕೀಟೋನ್. ಗ್ಲೂಕೋಸ್ ಆಲ್ಡಿಹೈಡ್ ಗುಂಪುಳ್ಳ ಸಕ್ಕರೆ. ಅಸಿಟೋನ್ ಅತಿ ಸರಳವಾದ ಕೀಟೋನ್.

ಒಂದು ಲೀಟರ್ ಹಾಲು ತಯಾರಾಗಲು ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. 15 ಲೀಟರ್ ಕೊಡುವ ದನಕ್ಕೆ ದಿನಕ್ಕೆ ಒಂದು ಕಿಲೋಗೂ ಮಿಕ್ಕಿ ಬೇಕಾಯಿತು. ಇದರ ಬಹುಪಾಲನ್ನು ಪಿತ್ತಜನಕಾಂಗವೇ ತಯಾರಿಸಬೇಕು. ಆದರೆ ಕರು ಹಾಕಿದ ಹೊಸತರಲ್ಲಿ ಹಾಲು ಏರಿದಷ್ಟು ಬೇಗ ಮೇವಿನ ಹಸಿವು ಏರುವುದಿಲ್ಲ. ಆಗ ಮೈಯ ಕೊಬ್ಬು ಕರಗುತ್ತದೆ. ಗ್ಲೂಕೋಸಿನ ಕೊರತೆಯಿಂದ ಈ ಕೊಬ್ಬು ಪೂರ್ತಿ ಉರಿಯದೆ ಅಸಿಟೋನ್ ಮತ್ತು ಅದರ ಸಂಬಂಧಿ ಆಮ್ಲಗಳಾಗಿ ರಕ್ತದಲ್ಲಿ ತುಂಬುತ್ತದೆ. ಅಂದರೆ, ಆಲ್ಡಿಹೈಡ್ ಸಕ್ಕರೆಯ ಬರ, ಕೀಟೋನುಗಳ ನೆರೆ!

ಸಂಘದಲ್ಲಿ ಈ ದನದ ಹಾಲಿನ ಫ್ಯಾಟ್ ಏರಿರುವುದೂ ಉಂಟು. ಸಂತೋಷಪಡಬೇಡಿ. ಹೊಸದಾಗಿ ಕರು ಹಾಕಿದ ದನದ ಹಾಲು ಇಳಿದು ಫ್ಯಾಟ್ ಏರಿದರೆ, ಮೈಯ ಕೊಬ್ಬೇ ಕರಗಿ ಹಾಲಿಗೆ ಸೇರುತ್ತಿರಬಹುದು.

ಪಶುವೈದ್ಯರು ರೊಥೇರಾ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಲ್ಲರು. ಹಾಲಿನಲ್ಲಿ ಕೀಟೋನ್ ಇದ್ದರೆ ನೇರಳೆ ಬಣ್ಣ ಬರುತ್ತದೆ.

ಬೆಲ್ಲದ ನೀರು ಕುಡಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಬೆಲ್ಲ ದನದ ಮೊದಲ ಹೊಟ್ಟೆಯಲ್ಲೇ ಹುದುಗಿ ಆಮ್ಲವಾಗುತ್ತದೆ, ಸಕ್ಕರೆಯಾಗಿ ರಕ್ತ ಸೇರುವುದಿಲ್ಲ. ಆದುದರಿಂದಲೇ ವೈದ್ಯರು ಗ್ಲೂಕೋಸನ್ನು ರಕ್ತನಾಳಕ್ಕೆ ಕೊಡುತ್ತಾರೆ. ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸಲು ಹೇಳುತ್ತಾರೆ. ದನವು ಗೋಡೆ, ಗೂಟ ನೆಕ್ಕುತ್ತಾ ವಿಚಿತ್ರವಾಗಿ ವರ್ತಿಸಿದರೆ ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ರೋಗದಲ್ಲೂ ಹಾಗಾಗುತ್ತದೆ.

ಬಾರದಂತೆ ತಡೆಯುವುದು ಸುಲಭ:

1. ಹಾಲು ಬತ್ತಿಸಿದ ಕಾಲದಲ್ಲಿ ದನ ಅತಿಯಾಗಿ ಕೊಬ್ಬದಂತೆ ನೋಡಿಕೊಳ್ಳಿ.

2. ಕರು ಹಾಕುವ ಎರಡು ಮೂರು ವಾರ ಮೊದಲೇ ಪಶು ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿ.

3. ಕರು ಹಾಕಿದ ನಂತರ ಮೈ ಪೋಷಣೆಗೆ ಒಂದೂವರೆ ಕಿಲೋ, ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಪಶು ಆಹಾರ ಸಿಗುವಂತೆ ಕ್ರಮೇಣ ಏರಿಸಿ. ಜೊತೆಗೆ ಹಸಿಹುಲ್ಲು ಇರಲಿ.

ದನ ಹಿಂಡಿ ಬಿಟ್ಟ ದಿನವೇ ವೈದ್ಯರಿಗೆ ತಿಳಿಸಿ. ಒಂದು ವಾರ ತಡಮಾಡಿದರೆ ಇಳಿದ ಹಾಲು ಆ ಸೂಲಿನಲ್ಲಿ ಪೂರ್ತಿ ಮರಳಿ ಬರುವುದು ಕಷ್ಟ.