ವೇಬ್ರಿಡ್ಜ್ ಕಂಪ್ಯೂಟರಿಗೆ ಯಾವ ವಿಂಡೋಸ್?

ನೀಲಗಿರಿ ಮರ ಹೇರಿಕೊಂಡ ಲಾರಿ ವೇಬ್ರಿಡ್ಜ್ ಮೇಲೆ ನಿಂತಿದೆ. ಒಳಗೆ ಪರದೆ ಹೇಳ್ತಿದೆ: 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ'. ಹಿಂದೆ ಲಾರಿ ಸಾಲು ಬೆಳೀತಾ ಇದೆ.

ಕುಮಾರಪಟ್ಟಣದಂಥ ಕಾರ್ಖಾನೆ ಊರಿರಲಿ, ಬ್ಯಾಡಗಿ ಮೆಣಸಿನಕಾಯಿ ಪೇಟೆಯಿರಲಿ, ತೂಕ ಹಿಡಿದು ಚೀಟಿ ಕೊಡೋ ಯಂತ್ರಕ್ಕೆ ಮನೆಯ ವಿಂಡೋಸ್ ಯಾಕೆ? ಐಓಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ ಅಂತ ಇಂಥ ಯಂತ್ರಗಳಿಗೆಂದೇ ವಿಂಡೋಸಿನ ಬೇರೆ ಆವೃತ್ತಿ ಇದೆ. ಹೊಸ ಫೀಚರ್ ತುರುಕೋದಿಲ್ಲ, ಭದ್ರತೆಯ, ದೋಷ ಸರಿಪಡಿಸೋ ಅಪ್‌ಡೇಟ್ ಮಾತ್ರ ಬರುತ್ತೆ, ಅದೂ ಹತ್ತು ವರ್ಷ.

ಹೆಸರು ಸರಿಯಾಗಿ ಓದಿ. ಸಾಮಾನ್ಯ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ 2027ರ ಜನವರಿವರೆಗೆ. ಅದೇ ಹೆಸರಲ್ಲಿ ಐಓಟಿ ಇದ್ದರೆ 2032ರ ಜನವರಿ! ಮೂರಕ್ಷರಕ್ಕೆ ಐದು ವರ್ಷ ಆಯುಷ್ಯ.

ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಯುನಿಫೈಡ್ ರೈಟ್ ಫಿಲ್ಟರ್. ರಾತ್ರಿ ಪಾಳಿಯವರು ಪೆನ್‌ಡ್ರೈವ್ ಹಾಕಿ ಹಾಡು ತುಂಬಿದರು, ವಾಲ್‌ಪೇಪರ್ ಬದಲಿಸಿದರು ಅನ್ನಿ. ರೀಸ್ಟಾರ್ಟ್ ಮಾಡಿ, ಪಾಟಿ ಒರೆಸಿದಂಗೆ ಎಲ್ಲ ಸಾಫ್. ತೂಕದ ಲೆಕ್ಕವೂ ಈ ಫಿಲ್ಟರ್ ಕಾಯೋ ಡ್ರೈವಿನಲ್ಲೇ ಇದ್ದರೆ? ಅದೂ ಹೋಯ್ತು! ಲೆಕ್ಕ ಸರ್ವರಿಗೆ ಹೋಗಲಿ, ಇಲ್ಲವೇ ಆ ಫೋಲ್ಡರಿಗೆ ಮೊದಲೇ ವಿನಾಯಿತಿ ಕೊಡಿ.

ನಿರ್ವಹಣೆಗೆ ಡೊಮೇನ್, ಗ್ರೂಪ್ ಪಾಲಿಸಿ, ಇಂಟ್ಯೂನ್ ಎಲ್ಲ ಎಂಟರ್‌ಪ್ರೈಸ್‌ನಲ್ಲಿದ್ದ ಹಾಗೇ. ನಲವತ್ತು ಯಂತ್ರ ಇದ್ದರೂ ನೋಡಿಕೊಳ್ಳೋಕೆ ಒಂದೇ ಕುರ್ಚಿ ಸಾಕು.

ಬಿಡಿಯಾಗಿ ಅಂಗಡಿಯಲ್ಲಿ ಕೇಳಬೇಡಿ, ಇದು ಯಂತ್ರದ ಜೊತೆ ಬರೋ ಲೈಸೆನ್ಸ್. ಲೆಕ್ಕಪತ್ರದವರ ಎಕ್ಸೆಲ್, ಮೇಲ್ ಕೆಲಸಕ್ಕೆ ಇದನ್ನ ಬಳಸೋ ಹಾಗಿಲ್ಲ. ಅವರ ಮೇಜಿಗೆ ವಿಂಡೋಸ್ 11 ಪ್ರೊ ಸಾಕು.